ಮಳೆಗಾಲದ ಕಪಾಟು, ಘಟ್ಟದ ಬಸ್ಸು, ರಾತ್ರಿಯ ಓದು

ಪ್ರಶ್ನೆ: ನಮ್ಮದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ ಹಂಚಿನ ಮನೆ. ಮಾವನವರು ಜೀವಮಾನವಿಡೀ ಕೂಡಿಟ್ಟ ಎಂಟುನೂರರಷ್ಟು ಪುಸ್ತಕಗಳು ಗಾಜಿನ ಬಾಗಿಲಿನ ಮರದ ಕಪಾಟುಗಳಲ್ಲಿವೆ. ಅವರು ತೀರಿಕೊಂಡ ಮೇಲೆ ಕಪಾಟಿಗೆ ಬೀಗ ಹಾಕಿ, ನುಸಿಗುಳಿಗೆ ಇಟ್ಟು ಜೋಪಾನ ಮಾಡಿದ್ದೇವೆ. ಆದರೂ ಪ್ರತಿ ಮಳೆಗಾಲದಲ್ಲಿ ಬೂಷ್ಟು, ಮುಗ್ಗಲು ವಾಸನೆ, ಸಣ್ಣ ಸಣ್ಣ ಹುಳು. ನಾನು ಕುಮಟಾದಲ್ಲಿ ಕೆಲಸಕ್ಕಿದ್ದೇನೆ. ವಾರದಲ್ಲಿ ಎರಡು ಮೂರು ದಿನ ದೇವಿಮನೆ ಘಟ್ಟ ಇಳಿದು ಹತ್ತಬೇಕು. ಓದಲು ಸಿಗುವುದು ಬಸ್ಸಿನ ಹೊತ್ತು ಮಾತ್ರ, ಆದರೆ ಪುಸ್ತಕ ತೆರೆದರೆ ತಲೆ ಸುತ್ತಿ ವಾಂತಿ ಬರುತ್ತದೆ. ರಾತ್ರಿ ಹಾಸಿಗೆಯಲ್ಲಿ ಓದಿದರೆ ಕಣ್ಣುರಿ. ಓದಲೂ ಆಗದೆ, ಕಾಪಾಡಲೂ ಆಗದೆ ಉಳಿದಿರುವ ಈ ಪುಸ್ತಕಗಳನ್ನು ಯಾವುದಾದರೂ ಗ್ರಂಥಾಲಯಕ್ಕೆ ಕೊಟ್ಟುಬಿಡೋಣ ಎಂದು ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೊಡುವ ಮಾತನ್ನು ಕೊನೆಗೆ ನೋಡೋಣ. ಮೊದಲು ಕಪಾಟಿನ ಬೀಗ ತೆಗೆಯಿರಿ. ನಿಮ್ಮ ಪುಸ್ತಕಗಳಿಗೆ ಆಗಿರುವ ತೊಂದರೆಯಲ್ಲಿ ಮಳೆಯ ಪಾಲು ಅರ್ಧವಾದರೆ ಉಳಿದರ್ಧ ಆ ಬೀಗದ್ದು. ಮಾವನವರು ಇದ್ದಾಗಲೂ ಮಳೆ ಇಷ್ಟೇ ಸುರಿಯುತ್ತಿತ್ತು, ಮನೆಯೂ ಇದೇ, ಕಪಾಟೂ ಇದೇ. ಆಗ ಇಲ್ಲದ ಬೂಷ್ಟು ಈಗ ಏಕೆ ಬಂತು? ಅವರು ದಿನಕ್ಕೆ ನಾಲ್ಕು ಬಾರಿ ಬಾಗಿಲು ತೆರೆಯುತ್ತಿದ್ದರು, ಪುಸ್ತಕ ತೆಗೆದು ಪುಟ ತಿರುಗಿಸಿ ಇಡುತ್ತಿದ್ದರು. ಪುಸ್ತಕಕ್ಕೆ ಬೇಕಾಗಿದ್ದ ಗಾಳಿ ಅಷ್ಟರಲ್ಲೇ ಸಿಗುತ್ತಿತ್ತು. ಕರಾವಳಿ ಮತ್ತು ಮಲೆನಾಡಿನ ಗ್ರಂಥಾಲಯಗಳಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಓದುಗರು ಮುಟ್ಟುವ ಸಾಲಿಗೆ ಬೂಷ್ಟು ಕಡಿಮೆ, ಯಾರೂ ಕೇಳದ ಮೂಲೆಯ ಸಾಲಿಗೆ ಹೆಚ್ಚು. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಬೆಂಗಳೂರಿನಲ್ಲಿ 1962ರಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ. ಅವರು ಆ ಮಾತನ್ನು ಓದುಗರ ಹಕ್ಕಿನ ಕುರಿತು ಹೇಳಿದರು. ನಮ್ಮ ಕಡೆಯ ಮಳೆಗಾಲದಲ್ಲಿ ಅದು ಪುಸ್ತಕದ ಆರೋಗ್ಯಕ್ಕೂ ಅನ್ವಯಿಸುತ್ತದೆ.

ಬೂಷ್ಟು ಹೇಗೆ ಬರುತ್ತದೆ ಎಂಬುದು ತಿಳಿದರೆ ಮಾಡಬೇಕಾದ್ದು ತಾನಾಗಿಯೇ ಹೊಳೆಯುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವುಗಳನ್ನು ತಡೆಯಲು ಸಾಧ್ಯವಿಲ್ಲ. ಅವು ಮೊಳೆಯಬೇಕಾದರೆ ತೇವ ಬೇಕು. ಗಾಳಿಯ ಸಾಪೇಕ್ಷ ತೇವಾಂಶ, ಅಂದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ, ಶೇ. 65ರಿಂದ 70ಕ್ಕಿಂತ ಮೇಲೆ ಹಲವು ದಿನ ನಿಂತರೆ ಕಾಗದ ಬೂಷ್ಟಿಗೆ ಒಳ್ಳೆಯ ಹೊಲವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಮನೆಯೊಳಗಿನ ತೇವಾಂಶ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಕಾಗದ, ರಟ್ಟು, ಮರ ಮೂರೂ ನೀರು ಹೀರುವ ವಸ್ತುಗಳು. ನಿಧಾನವಾಗಿ ಹೀರಿ, ನಿಧಾನವಾಗಿಯೇ ಬಿಡುತ್ತವೆ. ಅಕ್ಟೋಬರ್‌ನಲ್ಲಿ ಬಿಸಿಲು ಬಂದು ಅಂಗಳ ಒಣಗಿ, ಅಡಿಕೆ ಕೊಯ್ಲಿನ ಮಾತು ಶುರುವಾದರೂ ಬೀಗ ಹಾಕಿದ ಕಪಾಟಿನೊಳಗೆ ಆಷಾಢದ ತೇವವೇ ಉಳಿದಿರುತ್ತದೆ. ಒಣಗುವ ಕಾಲದಲ್ಲಿ ಬಾಗಿಲು ಮುಚ್ಚಿಟ್ಟಿದ್ದೇ ನಿಮ್ಮ ಪುಸ್ತಕಗಳಿಗೆ ಆದ ದೊಡ್ಡ ಅನ್ಯಾಯ.

ಹಾಗೆಂದು ಮಳೆ ಜಡಿಯುತ್ತಿರುವಾಗ ಕಿಟಕಿ ತೆರೆದಿಟ್ಟರೆ ಗಾಳಿಯಾಡುತ್ತದೆ ಎಂದುಕೊಳ್ಳಬೇಡಿ. ಹೊರಗಿನ ಹಸಿ ಗಾಳಿ ಒಳಗೆ ಬರುತ್ತದೆ, ಅಷ್ಟೇ. ಜೋರು ಮಳೆಯ ದಿನಗಳಲ್ಲಿ ಕಿಟಕಿ ಮುಚ್ಚಿ, ಕಪಾಟಿನ ಬಾಗಿಲು ತೆರೆದು, ಫ್ಯಾನ್ ಹಾಕಿ. ನಿಂತ ಗಾಳಿಗಿಂತ ಓಡಾಡುವ ಗಾಳಿಯಲ್ಲಿ ಬೂಷ್ಟು ಕಟ್ಟುವುದು ನಿಧಾನ. ಮಳೆ ಹೊಳವಾಗಿ ಒಂದೆರಡು ಗಂಟೆ ಬಿಸಿಲು ಬಿದ್ದಾಗ ಕಿಟಕಿಗಳನ್ನೆಲ್ಲ ತೆರೆಯಿರಿ. ಅಂದಾಜಿನ ಮೇಲೆ ನಡೆಯುವ ಬದಲು ತೇವ ಅಳೆಯುವ ಸಣ್ಣ ಡಿಜಿಟಲ್ ಮಾಪಕವೊಂದನ್ನು ತಂದು ಕಪಾಟಿನ ಒಳಗಿಡಿ. ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ನುಸಿಗುಳಿಗೆಗೆ ವರ್ಷವರ್ಷ ಸುರಿಯುವ ದುಡ್ಡಿಗಿಂತ ಇದು ಒಳ್ಳೆಯ ಖರ್ಚು.

ಕಪಾಟು ಯಾವ ಗೋಡೆಗೆ ಇದೆ ಎಂದು ನೀವು ಬರೆದಿಲ್ಲ. ನೈಋತ್ಯ ಮಾರುತದ ಮಳೆ ಬಡಿಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ಚಿರೆಕಲ್ಲಿನ ಗೋಡೆಯಾದರೆ ಆ ನೀರನ್ನು ಕುಡಿದು ತಿಂಗಳುಗಟ್ಟಲೆ ಒಳಗಿಟ್ಟುಕೊಳ್ಳುತ್ತದೆ. ಕಪಾಟಿನ ಬೆನ್ನು ಅಂಥ ಗೋಡೆಗೆ ತಾಗಿದ್ದರೆ ಉಳಿದ ಉಪಾಯಗಳೆಲ್ಲ ವ್ಯರ್ಥ. ಅದನ್ನು ಮನೆಯ ನಡುವಿನ, ಎರಡೂ ಬದಿ ಕೋಣೆ ಇರುವ ಗೋಡೆಗೆ ಸರಿಸಿ. ಅಲ್ಲಿಯೂ ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳಿನ ಸಂದು ಬಿಡಿ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಪುಸ್ತಕಗಳನ್ನು ಒತ್ತಿ ತುರುಕಬೇಡಿ. ಬೆರಳು ಹಾಕಿ ಒಂದನ್ನು ಸಲೀಸಾಗಿ ಎಳೆಯುವಂತಿದ್ದರೆ ಸರಿ. ಗಾಜಿನ ಬಾಗಿಲು ಧೂಳಿಗೆ ಒಳ್ಳೆಯದು, ಆದರೆ ಬೆನ್ನಿನ ಹಲಗೆಯಲ್ಲಿ ಮೇಲೆ ಕೆಳಗೆ ಸಾಲಾಗಿ ರೂಪಾಯಿಯಗಲದ ತೂತು ಕೊರೆಸಿ, ಜಿರಳೆ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಊರಿನ ಬಡಗಿಗೆ ಅರ್ಧ ದಿನದ ಕೆಲಸ.

ಹಿಂದಿನವರು ಓಲೆಗರಿಯ ಕಟ್ಟುಗಳನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆಗೆ ಹುಳು ಬರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಒಲೆಯ ಬಿಸಿ. 25 ಡಿಗ್ರಿಯಲ್ಲಿ ಶೇ. 90ರಷ್ಟು ತೇವ ತುಂಬಿದ ಗಾಳಿಯನ್ನು ಹಾಗೆಯೇ 28 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಸುಮಾರು 75ಕ್ಕೆ ಇಳಿಯುತ್ತದೆ. 30 ಡಿಗ್ರಿಗೆ ಏರಿಸಿದರೆ 67ರ ಆಸುಪಾಸಿಗೆ. ಗಾಳಿಯಲ್ಲಿರುವ ನೀರು ಅಷ್ಟೇ, ಆದರೆ ಬೆಚ್ಚಗಿನ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚು, ಹಾಗಾಗಿ ಕಾಗದಕ್ಕೆ ಬಿಟ್ಟುಕೊಡುವುದು ಕಡಿಮೆ. ಐದು ಡಿಗ್ರಿಯಷ್ಟು ಬೆಚ್ಚನೆಯೇ ಬೂಷ್ಟಿನ ಗಡಿಯಿಂದ ಪುಸ್ತಕವನ್ನು ಈಚೆ ಎಳೆಯುತ್ತದೆ ಎಂಬುದನ್ನು ಅಂಕಿ ಗೊತ್ತಿಲ್ಲದೆಯೂ ಅವರು ಕಂಡುಕೊಂಡಿದ್ದರು. ಕರಾವಳಿಯ ಮನೆಗಳಲ್ಲಿ ಬಟ್ಟೆಯ ಕಪಾಟಿನ ತಳದಲ್ಲಿ ಸಣ್ಣ ಬಲ್ಬು ಉರಿಸುವುದೂ ಇದೇ ಲೆಕ್ಕದ ಮೇಲೆ. ನೀವೂ ಮಾಡಬಹುದು. ಹಳೆಯ ಮಾದರಿಯ, ತಂತಿ ಕಾಯುವ 15 ವ್ಯಾಟಿನ ಬಲ್ಬು ಬೇಕು. ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಬಿಸಿಯಿಲ್ಲ, ಪ್ರಯೋಜನವಾಗದು. ಬಲ್ಬಿಗೆ ಕಬ್ಬಿಣದ ಜಾಲರಿ ಇರಲಿ, ಸುತ್ತ ಒಂದು ಗೇಣು ಜಾಗ ಖಾಲಿ ಇರಲಿ, ಮನೆಯಲ್ಲಿ ಜನ ಎಚ್ಚರವಿರುವ ಹೊತ್ತಿನಲ್ಲಿ ಮಾತ್ರ ಉರಿಯಲಿ. ಮರದ ಕಪಾಟು ಮತ್ತು ಕಾಗದದ ನಡುವೆ ವಿದ್ಯುತ್ ಇಡುವಾಗ ಇಷ್ಟು ಕಟ್ಟುನಿಟ್ಟು ಬೇಕೇ ಬೇಕು.

ತೇವ ಹೀರುವ ಸಿಲಿಕಾ ಜೆಲ್ ಹರಳಿನ ಪೊಟ್ಟಣ ಹಾಕಿದರೆ ಸಾಕೇ ಎಂದು ಹಲವರು ಕೇಳುತ್ತಾರೆ. ಗಾಳಿ ಆಡುವ ಕಪಾಟಿನಲ್ಲಿ ಅದು ಒಂದೆರಡು ದಿನದಲ್ಲೇ ತಣಿದು ಸುಮ್ಮನಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚೆನ್ನಾಗಿ ಒಣಗಿದ ಹತ್ತಾರು ಅಪರೂಪದ ಪುಸ್ತಕಗಳ ಜೊತೆಗಾದರೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಒದ್ದೆ ಪುಸ್ತಕವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟರೆ ಮಾತ್ರ ಬೂಷ್ಟಿಗೆ ಕೈಯಾರೆ ಮನೆ ಕಟ್ಟಿಕೊಟ್ಟಂತೆ.

ಈಗ ಆಗಲೇ ಹಿಡಿದಿರುವ ಬೂಷ್ಟಿನ ಮಾತು. ಅವಸರ ಮಾಡಬೇಡಿ. ಹಸಿ ಬೂಷ್ಟು ಮುಟ್ಟಿದರೆ ಮೆತ್ತಿಕೊಳ್ಳುತ್ತದೆ, ಒರೆಸಿದರೆ ಕಾಗದದ ಎಳೆಯೊಳಗೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಮೊದಲು ಒಣಗಿಸಬೇಕು. ಮಳೆ ಬಿಟ್ಟ ಮೇಲೆ ಒಂದು ಒಣ ದಿನ ನೋಡಿ, ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ, ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿ ಹಾಳೆಗಳನ್ನು ಬೀಸಣಿಗೆಯಂತೆ ಸ್ವಲ್ಪ ಬಿಡಿಸಿಡಿ. ನೆರಳು ಮತ್ತು ಗಾಳಿ ಇರಲಿ. ನೇರ ಬಿಸಿಲಿನಲ್ಲಿ ಹಪ್ಪಳದಂತೆ ಹರವುವವರಿದ್ದಾರೆ. ಅರ್ಧ ಗಂಟೆಯ ಎಳೆಬಿಸಿಲು ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ರಟ್ಟು ಸೊಟ್ಟಗಾಗುತ್ತದೆ, ಕಾಗದ ಹಳದಿಗೆ ತಿರುಗುತ್ತದೆ. ಅದರಲ್ಲೂ ನಿಮ್ಮ ಮಾವನವರ ಕಾಲದ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಹೆಚ್ಚು. ಅದು ಬೆಳಕಿಗೆ ಬೇಗ ಕಂದುತ್ತದೆ, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ.

ಬೂಷ್ಟು ಒಣಗಿ ಪುಡಿಯಂತೆ ಆದ ಮೇಲೆ ಮೂಗಿಗೆ ಬಿಗಿಯಾದ ಎನ್95 ಮಾಸ್ಕ್, ಕೈಗೆ ಗವಸು ಹಾಕಿಕೊಳ್ಳಿ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಮೆತ್ತನೆಯ ಎರಡಿಂಚಿನ ಬಣ್ಣದ ಕುಂಚದಿಂದ ಮೊದಲು ಮೇಲಂಚನ್ನು ಗುಡಿಸಿ. ಧೂಳು ಹೆಚ್ಚು ಕೂರುವುದು ಅಲ್ಲಿಯೇ. ಬೆನ್ನಿನಿಂದ ಹೊರಬದಿಗೆ, ಯಾವಾಗಲೂ ನಿಮ್ಮಿಂದ ಆಚೆಗೆ, ಗಾಳಿ ಬೀಸುವ ದಿಕ್ಕಿಗೆ. ಮೇಲಂಚನ್ನು ಬಿಟ್ಟು ಪುಸ್ತಕ ತೆರೆದರೆ ಆ ಪುಡಿಯೆಲ್ಲ ಹಾಳೆಗಳ ನಡುವೆ ಇಳಿಯುತ್ತದೆ. ಆಮೇಲೆ ರಟ್ಟಿನ ಹೊರಮೈ, ಒಳಮೈ, ಬೆನ್ನಿನ ಒಳಸಂದು. ಒದ್ದೆ ಬಟ್ಟೆ ಬೇಡ, ಡೆಟಾಲ್ ಬೇಡ, ಸ್ಪಿರಿಟ್ ಕೂಡ ಪುಸ್ತಕಕ್ಕೆ ಬೇಡ, ಶಾಯಿ ಹರಡುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಖಾಲಿ ಕಪಾಟಿನ ಹಲಗೆಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಪುಸ್ತಕ ಜೋಡಿಸಿ. ಉಳಿಯುವ ಕಲೆ ಹೋಗುವುದಿಲ್ಲ. ಅದನ್ನು ಉಜ್ಜಿ ತೆಗೆಯಲು ಹೊರಟರೆ ಅಕ್ಷರವೂ ಹೋಗುತ್ತದೆ. ವಾಸನೆಗೆ ಒಂದು ಉಪಾಯವಿದೆ: ಮುಚ್ಚಳವಿರುವ ದೊಡ್ಡ ಡಬ್ಬಿಯಲ್ಲಿ ಅಡುಗೆ ಸೋಡಾ ತುಂಬಿದ ಬಟ್ಟಲೊಂದನ್ನು ಇಟ್ಟು, ಸೋಡಾ ತಾಗದಂತೆ ಪುಸ್ತಕಗಳನ್ನು ಎರಡು ಮೂರು ವಾರ ಒಳಗಿಡಿ.

ನೀವು ಅಡಿಕೆ ತೋಟದವರು. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಅದೂ ಶಿಲೀಂಧ್ರ, ಇದೂ ಶಿಲೀಂಧ್ರ, ಕಪಾಟಿಗೂ ಸ್ವಲ್ಪ ಹೊಡೆದರೇನು ಎಂದು ಮನೆಯಲ್ಲಿ ಯಾರಾದರೂ ಹೇಳಿಯಾರು. ದಯವಿಟ್ಟು ಬೇಡ. ಹಳೆಯ ಬೈಂಡರುಗಳು ಮೈದಾ ಅಂಟು ಕುದಿಸುವಾಗ ಹುಳು ಬಾರದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದುದು ನಿಜ. ಅದು ಅಂಟಿನೊಳಗೆ ಸೇರಿ ಬೆನ್ನಿನಲ್ಲಿ ಉಳಿಯುತ್ತಿತ್ತು. ಕಾಗದದ ಮೇಲೆ ನೀರಿನ ಜೊತೆ ಬಿದ್ದರೆ ಕಾಗದವೇ ಕೆಡುತ್ತದೆ.

ನುಸಿಗುಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ತೆಗೆದು ಹೊರಗೆ ಹಾಕಿ. ಅದು ಬೂಷ್ಟನ್ನು ತಡೆಯುವುದಿಲ್ಲ. ಅದರ ಆವಿ ಮನುಷ್ಯರಿಗೆ ಒಳ್ಳೆಯದಲ್ಲ, ಎಳೆಯ ಮಕ್ಕಳಿಗಂತೂ ಅಪಾಯ. ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಲ್ಲಿ ರಕ್ತಕಣಗಳು ಒಡೆಯುವಷ್ಟು ತೊಂದರೆ ಕೊಡುತ್ತದೆ. ಅದರ ಜೊತೆಗೆ ಕರ್ಪೂರವನ್ನೂ ಇಡುವವರಿದ್ದಾರೆ. ಎರಡೂ ಸೇರಿದರೆ ನಮ್ಮ ಹವೆಯಲ್ಲಿ ಕರಗಿ ಜಿಡ್ಡಾಗಿ ಹಾಳೆಗೆ ಅಂಟುತ್ತದೆ. ಬದಲಿಗೆ ಬಜೆಯ ಬೇರನ್ನು ಚೂರು ಮಾಡಿ ಬಟ್ಟೆಯ ಗಂಟಿನಲ್ಲಿ ಕಟ್ಟಿ ಪ್ರತಿ ಹಲಗೆಗೆ ಒಂದರಂತೆ ಇಡಿ. ಬೇವಿನ ಎಲೆ ಇಡುವುದಾದರೆ ಗರಿಗರಿಯಾಗಿ ಒಣಗಿರಬೇಕು. ಹಸಿ ಎಲೆ ತನ್ನ ನೀರನ್ನೇ ಪುಸ್ತಕಕ್ಕೆ ಕೊಡುತ್ತದೆ.

ನೀವು ಬರೆದ ಸಣ್ಣ ಹುಳು ಯಾವುದೆಂದು ನೋಡಿ ಗುರುತಿಸಬೇಕು. ಪುಟ ತೆರೆದ ಕೂಡಲೇ ಓಡುವ, ಸಾಸಿವೆಗಿಂತ ಚಿಕ್ಕದಾದ ಬಿಳಿಚು ಹುಳುವಾದರೆ ಅದು ಪುಸ್ತಕದ ಹೇನು. ಅದರ ಆಹಾರ ಬೂಷ್ಟು. ತೇವ ಇಳಿದರೆ ತಾನೇ ಸಾಯುತ್ತದೆ, ಔಷಧ ಬೇಡ. ಬೆಳ್ಳಿಯಂತೆ ಹೊಳೆಯುತ್ತ ಸರ್ರನೆ ಜಾರಿಹೋಗುವ, ಬಾಲದಲ್ಲಿ ಮೂರು ಕೂದಲಿರುವ ಹುಳು ಸಿಲ್ವರ್‌ಫಿಶ್. ಅದಕ್ಕೆ ಬೇಕಾಗಿರುವುದು ಬೈಂಡಿಂಗಿನ ಮೈದಾ ಅಂಟು, ಹಾಳೆಯ ಮೇಲಿನ ಗಂಜಿ. ಮುಖಪುಟವನ್ನು ಮೇಲ್ಮೇಲೆ ಕೆರೆದಂತೆ ತಿನ್ನುವುದು ಇದೇ. ಹುಳು ಹಿಡಿದ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಹನಿ ಚೀಲದ ಹೊರಗೆ ಕಟ್ಟಲಿ. ಗೆದ್ದಲು ಮಾತ್ರ ಬೇರೆಯೇ ಕಥೆ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಅಂದೇ ಕಪಾಟು ಖಾಲಿ ಮಾಡಿ, ಮನೆಯ ಬುಡಕ್ಕೆ ಔಷಧ ಹಾಕುವವರನ್ನು ಕರೆಸಿ. ನಾಳೆಗೆ ಬಿಟ್ಟರೆ ಸಾಲಿಗೆ ಸಾಲೇ ಹೋಗುತ್ತದೆ.

ಸ್ವಚ್ಛ ಮಾಡುವಾಗ ಪುಟಗಳ ನಡುವೆ ಏನೇನೋ ಸಿಗುತ್ತದೆ, ಅದಕ್ಕೆ ಸಿದ್ಧರಾಗಿರಿ. ಬಸ್ ಟಿಕೆಟ್, ಸುರಗಿ ಹೂವಿನ ಒಣಗಿದ ಎಸಳು, ಮದುವೆಯ ಕರೆಯೋಲೆಯ ಚೂರು, ಔಷಧದ ಚೀಟಿ, ಯಾರದೋ ಪತ್ರ. ಮಾವನವರು ಯಾವ ಪುಟದಲ್ಲಿ ನಿಂತಿದ್ದರು, ಯಾವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು ಎಂಬುದು ಕಣ್ಣಿಗೆ ಬಿದ್ದಾಗ ಕೆಲಸ ನಿಲ್ಲುತ್ತದೆ. ನಿಲ್ಲಲಿ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಆದರೆ ಆ ವಸ್ತುಗಳನ್ನು ಅಲ್ಲಿಯೇ ಬಿಡಬೇಡಿ. ಪತ್ರಿಕೆಯ ತುಣುಕಿನ ಆಮ್ಲ ಎದುರಿನ ಪುಟದ ಮೇಲೆ ಅದೇ ಅಳತೆಯ ಕಂದು ಚೌಕ ಮೂಡಿಸುತ್ತದೆ, ಕಬ್ಬಿಣದ ಕ್ಲಿಪ್ಪು ತುಕ್ಕು ಹಿಡಿದು ಹಾಳೆಯನ್ನೇ ಕತ್ತರಿಸುತ್ತದೆ, ಹೂವಿಗೆ ಹುಳು ಬರುತ್ತದೆ. ಒಂದೊಂದನ್ನೂ ಬೇರೆ ಲಕೋಟೆಗೆ ಹಾಕಿ, ಯಾವ ಪುಸ್ತಕ, ಯಾವ ಪುಟ ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ. ಮೊಮ್ಮಕ್ಕಳಿಗೆ ಪುಸ್ತಕಕ್ಕಿಂತ ಆ ಲಕೋಟೆಗಳ ಮೇಲೆಯೇ ಆಸೆ ಹುಟ್ಟಬಹುದು.

ಇನ್ನು ಬಸ್ಸು. ತಲೆ ಸುತ್ತುವುದು ನಿಮ್ಮ ದೌರ್ಬಲ್ಯವಲ್ಲ. ಒಳಕಿವಿಯಲ್ಲಿ ಚಲನೆಯನ್ನು ಅಳೆಯುವ ಅಂಗವಿದೆ. ಬಸ್ಸು ತಿರುವಿನಲ್ಲಿ ಓಲುವಾಗ ಅದು ನಾವು ಚಲಿಸುತ್ತಿದ್ದೇವೆ ಎನ್ನುತ್ತದೆ. ಪುಟದ ಮೇಲೆ ನಟ್ಟ ಕಣ್ಣು ನಾವು ನಿಂತಿದ್ದೇವೆ ಎನ್ನುತ್ತದೆ. ಎರಡು ಸುದ್ದಿಗಳು ತಾಳೆಯಾಗದಿದ್ದಾಗ ಹೊಟ್ಟೆ ತೊಳೆಸುತ್ತದೆ. ಹಾಗಾಗಿ ಘಟ್ಟದಲ್ಲಿ ಓದುವ ಹಟ ಬಿಡಿ. ದೇವಿಮನೆಯ ತಿರುವುಗಳಲ್ಲಿ ಪುಟ ನೋಡುತ್ತ ಒಳಕಿವಿಯನ್ನು ಒಲಿಸುವುದು ಕಷ್ಟ. ಮುಂದಿನ ಚಕ್ರ ಮತ್ತು ಹಿಂದಿನ ಚಕ್ರದ ನಡುವಿನ ಸೀಟು ಹಿಡಿಯಿರಿ, ಅಲ್ಲಿ ಕುಲುಕು ಕಡಿಮೆ. ಕೊನೆಯ ಸೀಟು ಬೇಡ. ಕಣ್ಣು ದೂರದ ರಸ್ತೆಯ ಮೇಲಿರಲಿ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಬಿರಿಯುವಷ್ಟು ತುಂಬಿಯೂ ಇರಬಾರದು. ಒಂದು ಚೂರು ಶುಂಠಿ ಹಲವರಿಗೆ ಹಿತ ಕೊಡುತ್ತದೆ. ಮಾತ್ರೆಯ ಸಹವಾಸ ವೈದ್ಯರನ್ನು ಕೇಳಿಯೇ. ಅದರಿಂದ ತೂಕಡಿಕೆ ಬರುವುದು ಸಾಮಾನ್ಯ, ಇಳಿದ ಮೇಲೆ ಕೆಲಸಕ್ಕೆ ಹೋಗಬೇಕಾದವರಿಗೆ ಅದು ಅನುಕೂಲವಲ್ಲ.

ಆದರೆ ಆ ಹೊತ್ತು ಓದಿಗೆ ನಷ್ಟ ಎಂದು ನಾನು ಒಪ್ಪುವುದಿಲ್ಲ. ಶಿರಸಿಯ ನಿಲ್ದಾಣದಲ್ಲಿ ಬಸ್ಸು ಕಾಯುವ ಹದಿನೈದು ನಿಮಿಷದಲ್ಲಿ ಒಂದು ವಚನ, ಒಂದು ಕವಿತೆ, ಒಂದು ಚಿಕ್ಕ ಪ್ರಬಂಧ ಓದಿ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿ. ಘಟ್ಟ ಇಳಿಯುವ ಉದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಮೆಲುಕು ಹಾಕಿ, ಸಾಲು ಮರೆತಲ್ಲಿ ಬೇರೆ ಸಾಲು ಹೊಸೆಯಲು ನೋಡಿ. ಕತಗಾಲ ದಾಟಿ ರಸ್ತೆ ಸಮನಾದ ಮೇಲೆ ಪುಸ್ತಕ ತೆರೆದು ಮರೆತ ಸಾಲನ್ನು ಹುಡುಕಿ. ಒಂದೇ ಪುಟವನ್ನು ಹೀಗೆ ಹಿಡಿದುಕೊಂಡು ಹೋಗುವುದು ನಲವತ್ತು ಪುಟ ಓಡಿಸುವುದಕ್ಕಿಂತ ಬೇರೆ ಬಗೆಯ ಸುಖ, ಮನೆಯಲ್ಲಿ ಕುಳಿತು ಓದುವವರಿಗೆ ಅಷ್ಟು ಸುಲಭವಾಗಿ ಸಿಗದ್ದು. ಉದ್ದದ ಕಾದಂಬರಿಗೆ ರೈಲು ಇದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡಲು ಶುರುವಾದ ಮೇಲೆ ಕುಮಟಾದಿಂದ ಮಂಗಳೂರಿಗೋ ಗೋವಾಕ್ಕೋ ಹೋಗುವವರಿಗೆ ನೆಮ್ಮದಿಯಾಗಿ ಓದುವ ಹೊತ್ತು ಸಿಕ್ಕಿದೆ. ರೈಲಿನ ತಿರುವು ಹರವಾದದ್ದು, ಬ್ರೇಕಿನ ಜಗ್ಗಾಟ ಕಡಿಮೆ. ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಕುಳಿತರೆ ಬಸ್ಸಿನಲ್ಲಿ ತಲೆ ಸುತ್ತುವವರಲ್ಲಿಯೂ ಎಷ್ಟೋ ಜನ ಆರಾಮವಾಗಿ ಓದುತ್ತಾರೆ.

ಮಳೆಗಾಲದ ಪ್ರಯಾಣಕ್ಕೆ ತೆಳ್ಳನೆಯ ಪುಸ್ತಕ ಒಯ್ಯಿರಿ, ಜಿಪ್ ಇರುವ ಚೀಲದಲ್ಲಿ ಹಾಕಿ, ಒದ್ದೆ ಕೊಡೆಯ ಜೊತೆ ಒಂದೇ ಖಾನೆಯಲ್ಲಿ ಇಡಬೇಡಿ. ಆದರೂ ನೆನೆದರೆ ನಿಮ್ಮ ಕೈಯಲ್ಲಿ ಸುಮಾರು ಎರಡು ದಿನ ಇದೆ, ಅಷ್ಟರೊಳಗೆ ಒಣಗದಿದ್ದರೆ ಬೂಷ್ಟು ಶುರು. ಪುಸ್ತಕವನ್ನು ನಿಲ್ಲಿಸಿ, ಹತ್ತಿಪ್ಪತ್ತು ಹಾಳೆಗೊಂದರಂತೆ ನೀರು ಹೀರುವ, ಅಚ್ಚಿಲ್ಲದ ಕಾಗದ ಸೇರಿಸಿ, ಒದ್ದೆಯಾದಂತೆ ಬದಲಿಸುತ್ತ ಫ್ಯಾನಿನ ಎದುರಿಗಿಡಿ. ಆ ದಿನ ಪುರುಸೊತ್ತು ಇಲ್ಲವೆಂದಾದರೆ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಹೆಪ್ಪುಗಟ್ಟಿದ ನೀರಿನಲ್ಲಿ ಬೂಷ್ಟು ಬೆಳೆಯದು, ಭಾನುವಾರದವರೆಗೆ ಅವಕಾಶ ಸಿಗುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ 1966ರ ನವೆಂಬರ್‌ನಲ್ಲಿ ನದಿ ಉಕ್ಕಿ ಗ್ರಂಥಾಲಯಗಳು ಕೆಸರಿನಲ್ಲಿ ಮುಳುಗಿದ ಮೇಲೆ ನೆನೆದ ಪುಸ್ತಕಗಳನ್ನು ಉಳಿಸುವ ವಿದ್ಯೆ ಜಗತ್ತಿನಾದ್ಯಂತ ಬೆಳೆಯಿತು. ಇಂದು ದೊಡ್ಡ ಗ್ರಂಥಾಲಯಗಳಲ್ಲಿ ನೀರು ನುಗ್ಗಿದರೆ ಮಾಡುವ ಮೊದಲ ಕೆಲಸಗಳಲ್ಲಿ ಪುಸ್ತಕಗಳನ್ನು ಹೆಪ್ಪುಗಟ್ಟಿಸುವುದೂ ಒಂದು. ನುಣುಪಾದ ಚಿತ್ರದ ಕಾಗದವಾದರೆ ಇನ್ನೂ ಅವಸರ ಮಾಡಿ. ಒದ್ದೆಯಾಗಿ ಅಂಟಿಕೊಂಡು ಒಣಗಿದರೆ ಇಟ್ಟಿಗೆಯಾಗುತ್ತದೆ.

ಕಣ್ಣುರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಲವತ್ತು ದಾಟಿದ್ದರೆ ಮೊದಲು ಚಾಳೀಸು ಪರೀಕ್ಷೆ ಮಾಡಿಸಿ. ಓದುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಪುಟ ತಿರುವುವಾಗಲೊಮ್ಮೆ ಬಾಗಿಲಾಚೆ ನೋಡಿ. ತಲೆಯ ಮೇಲಿನ ಮಂದ ದೀಪದಲ್ಲಿ ಓದಬೇಡಿ. ಭುಜದ ಹಿಂದಿನಿಂದ ಪುಟದ ಮೇಲೆ ನೇರವಾಗಿ ಬೀಳುವ ದೀಪ ಬೇಕು. ಕನ್ನಡಕ್ಕೆ ಇದು ಇನ್ನೂ ಮುಖ್ಯ. ಅಕ್ಷರದ ಅಡಿಯಲ್ಲಿ ಕೂರುವ ಒತ್ತಕ್ಷರ ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ, ಮೊಳೆ ಅಚ್ಚಿನ ಹಳೆಯ ಪುಸ್ತಕಗಳಲ್ಲಿ ಅದು ಮಸಿ ತುಂಬಿ ಚುಕ್ಕೆಯಾಗಿರುತ್ತದೆ. ಕಣ್ಣಿಗೆ ಶ್ರಮ ಕೊಡುವುದು ಆ ಚುಕ್ಕೆಗಳೇ. ಅಂಥ ಪುಸ್ತಕಗಳನ್ನು ರಜೆಯ ದಿನದ ಹಗಲಿಗೆ ಇಟ್ಟುಕೊಂಡು, ರಾತ್ರಿಗೆ ಸಾಲುಗಳ ನಡುವೆ ಜಾಗ ಬಿಟ್ಟು ಅಚ್ಚು ಹಾಕಿದ ಹೊಸ ಪುಸ್ತಕ ಹಿಡಿಯಿರಿ. ಮಲಗಿ ಓದುವ ಬದಲು ಗೋಡೆಗೆ ಒರಗಿ ಕುಳಿತು ಓದಿ.

ಕೊನೆಗೆ ಕೊಡುವ ಮಾತು. ಎಂಟುನೂರನ್ನೂ ಇಟ್ಟುಕೊಳ್ಳಬೇಕಾಗಿಲ್ಲ, ಎಂಟುನೂರನ್ನೂ ಕಳಿಸಿಬಿಡುವುದೂ ತಪ್ಪು. ಮರುಮುದ್ರಣವಾಗಿ ಅಂಗಡಿಯಲ್ಲಿ ಸಿಗುವ ಕಥೆ, ಕಾದಂಬರಿಗಳನ್ನು ನಿಮಗೆ ಬೇಡವೆನಿಸಿದರೆ ಊರಿನ ಶಾಲೆಗೋ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೋ ಧಾರಾಳವಾಗಿ ಕೊಡಿ. ಅಲ್ಲಿ ಓದುವ ಮಕ್ಕಳು ಇದ್ದಾರೆ. ಜೋಪಾನ ಮಾಡಬೇಕಾದದ್ದು ಯಾರೂ ಪುಸ್ತಕವೆಂದೇ ಎಣಿಸದ ಸರಕನ್ನು: ಯಕ್ಷಗಾನ ಪ್ರಸಂಗದ ಅಗ್ಗದ ಪ್ರತಿಗಳು, ಊರಿನ ಶಾಲೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ಹಳೆಯ ವರದಿ, ಹಸ್ತಪ್ರತಿ, ಪಂಚಾಂಗದ ಅಂಚಿನಲ್ಲಿ ಬರೆದಿಟ್ಟ ಮಳೆ ಮತ್ತು ಅಡಿಕೆ ಧಾರಣೆಯ ಲೆಕ್ಕ. ಇವುಗಳ ಎರಡನೆಯ ಪ್ರತಿ ಎಲ್ಲಿಯೂ ಇಲ್ಲದಿರಬಹುದು. ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಕಳೆದೇಹೋಯಿತು ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದರಲ್ಲಿತ್ತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡದು ಪ್ರತಿ ಮನೆಯಲ್ಲಿ ಸಿಗುತ್ತದೆ ಎಂದು ಹೇಳುತ್ತಿಲ್ಲ. ಮನೆಯ ಮೂಲೆಯಿಂದ ಹೊರಬಂದದ್ದನ್ನು ಓದಬಲ್ಲವರ ಕಣ್ಣಿಗೆ ಒಮ್ಮೆ ತೋರಿಸದೆ ರದ್ದಿಗೆ ಹಾಕಬಾರದು ಎನ್ನುತ್ತಿದ್ದೇನೆ.

ದೊಡ್ಡ ಗ್ರಂಥಾಲಯಕ್ಕೆ ಕೊಡುವುದಾದರೆ ಚೀಲ ತುಂಬಿ ಬಾಗಿಲಿಗೆ ಒಯ್ಯಬೇಡಿ. ಜಾಗವಿಲ್ಲದೆ, ಸಿಬ್ಬಂದಿಯಿಲ್ಲದೆ ಎಷ್ಟೋ ದಾನದ ಕಟ್ಟುಗಳು ಬಿಚ್ಚದೆ ಉಳಿಯುತ್ತವೆ, ಅದು ನಿಮ್ಮ ಬೀಗದ ಕಪಾಟಿಗಿಂತ ಕೆಟ್ಟ ಗತಿ. ಮೊದಲು ಪಟ್ಟಿ ಮಾಡಿ: ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಸ್ಥಿತಿ. ಪಟ್ಟಿ ಕಳಿಸಿ ಯಾವುದು ಬೇಕು ಎಂದು ಕೇಳಿ, ಬೇಕೆಂದದ್ದನ್ನು ಮಾತ್ರ, ಬೂಷ್ಟು ಪೂರ್ತಿ ಬಿಡಿಸಿದ ಮೇಲೆ ಕೊಡಿ, ಪಡೆದದ್ದಕ್ಕೆ ಬರವಣಿಗೆಯಲ್ಲಿ ಸ್ವೀಕೃತಿ ತೆಗೆದುಕೊಳ್ಳಿ. ಎಂಟುನೂರು ಪುಸ್ತಕದ ಪಟ್ಟಿ ದೊಡ್ಡ ಕೆಲಸವೆನಿಸಬಹುದು. ದಿನಕ್ಕೊಂದು ಹಲಗೆಯಂತೆ, ಸ್ವಚ್ಛ ಮಾಡುತ್ತ ಮಾಡಿದರೆ ಅಡಿಕೆ ಸುಲಿಯುವ ಕಾಲಕ್ಕೆ ಮುಗಿಯುತ್ತದೆ, ಮನೆಯ ಮಕ್ಕಳನ್ನೂ ಬರೆಯಲು ಕೂರಿಸಿಕೊಳ್ಳಿ. ಯಾವುದಾದರೂ ಪ್ರತಿಯ ಬಗ್ಗೆ ಅನುಮಾನವಿದ್ದರೆ ಅದರ ಮುಖಪುಟ ಮತ್ತು ಪ್ರಕಾಶನದ ವಿವರ ಇರುವ ಪುಟದ ಚಿತ್ರ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.